ಫ್ರೀ ಡೈಮಂಡ್, ಫ್ರೀ ಯುಸಿ: ಗೇಮ್ ಐಡಿ ಕದಿಯುವವರ ಕೈಚಳಕ

“ನನ್ನ ಐಡಿ ಹೋಯ್ತು” ಎಂದು ಹೈಸ್ಕೂಲ್ ಹುಡುಗನೊಬ್ಬ ಮುಖ ಸಣ್ಣಗೆ ಮಾಡಿಕೊಂಡು ಹೇಳಿದರೆ, ಮನೆಯ ಹಿರಿಯರಿಗೆ ಹೋದದ್ದೇನು ಎಂಬುದೇ ಹೊಳೆಯುವುದಿಲ್ಲ. ಎರಡು ಮೂರು ವರ್ಷ ಆಡಿ ಏರಿಸಿಕೊಂಡ ಲೆವೆಲ್ಲು, ಅಪ್ಪನನ್ನು ಕಾಡಿ ಬೇಡಿ ಟಾಪ್‌ಅಪ್ ಮಾಡಿಸಿಕೊಂಡು ಕೂಡಿಟ್ಟ ಗನ್ ಸ್ಕಿನ್ನುಗಳು, ಜತೆಗೆ ಆಡುವ ಗೆಳೆಯರ ಪಟ್ಟಿ, ಎಲ್ಲವೂ ಒಂದೇ ಏಟಿಗೆ ಹೋಗಿರುತ್ತವೆ. ಬಿಜಿಎಂಐ ಆಟದಲ್ಲಿ ಎಂ416 ಗ್ಲೇಷಿಯರ್‌ನಂಥ ಅಪರೂಪದ ಸ್ಕಿನ್ ಇರುವ ಐಡಿಯನ್ನು ದುಡ್ಡು ಕೊಟ್ಟು ಕೊಳ್ಳುವವರು ಟೆಲಿಗ್ರಾಂ ಗುಂಪುಗಳಲ್ಲಿದ್ದಾರೆ. ಫ್ರೀ ಫೈರ್‌ನ ಹಳೆಯ ಬಂಡಲ್‌ಗಳಿಗೂ ಗಿರಾಕಿಗಳುಂಟು. ಮಾರುಕಟ್ಟೆ ಇದ್ದಲ್ಲಿ ಕಳ್ಳರೂ ಇರುತ್ತಾರೆ.

ಆದರೆ ಸ್ಕಿನ್ನು, ಲೆವೆಲ್ಲು ಈ ಕತೆಯ ಚಿಕ್ಕ ಭಾಗ. ಮೊಬೈಲ್ ಗೇಮ್‌ಗೆ ಹೆಚ್ಚಾಗಿ ತನ್ನದೇ ಪಾಸ್‌ವರ್ಡ್ ಇರುವುದಿಲ್ಲ. ಅದು ಫೇಸ್‌ಬುಕ್, ಗೂಗಲ್ ಅಥವಾ ಎಕ್ಸ್ ಖಾತೆಗೆ ಜೋಡಿಸಿಕೊಂಡಿರುತ್ತದೆ. ನಮ್ಮ ಮನೆಗಳಲ್ಲಿ ಆ ಗೂಗಲ್ ಖಾತೆ ಅಪ್ಪನದೋ ಅಮ್ಮನದೋ ಆಗಿರುವುದೇ ಹೆಚ್ಚು. ಅಂದರೆ ಹುಡುಗ ಡೈಮಂಡ್ ಎಂಬ ಗೇಮ್ ನಾಣ್ಯದ ಆಸೆಗೆ ಟೈಪ್ ಮಾಡಿದ ಪಾಸ್‌ವರ್ಡಿನಿಂದ ಮನೆಯವರ ಫೋಟೊ, ಕಾಂಟ್ಯಾಕ್ಟ್, ಬ್ಯಾಂಕಿನಿಂದ ಬರುವ ಮೇಲ್, ಪ್ಲೇ ಸ್ಟೋರ್‌ನಲ್ಲಿ ಸೇವ್ ಆಗಿರುವ ಪಾವತಿ ವಿಧಾನ ಎಲ್ಲಕ್ಕೂ ದಾರಿಯಾಯಿತು. ಗೇಮ್ ಕಂಪನಿಯ ಸರ್ವರ್ ಒಡೆದು ಒಳನುಗ್ಗುವುದು ಕಷ್ಟದ ಕೆಲಸ; ಯಾವ ಸಣ್ಣ ಕಳ್ಳನೂ ಆ ಉಸಾಬರಿಗೆ ಹೋಗುವುದಿಲ್ಲ. ಆಡುವವರಿಂದಲೇ ಲಾಗಿನ್ ಕೇಳಿ ಪಡೆಯುತ್ತಾನೆ. ಹಾಗಾಗಿ ಕಾಯಬೇಕಾದದ್ದು ಗೇಮನ್ನಲ್ಲ, ಅದರ ಹಿಂದಿರುವ ಮೇಲ್ ಖಾತೆಯನ್ನು.

ನಮ್ಮ ದೇಶದಲ್ಲಿ ಈ ಕಳ್ಳರಿಗೆ ಇನ್ನೊಂದು ಅನುಕೂಲ ತಾನಾಗಿಯೇ ಒದಗಿಬಂತು. ಪಬ್‌ಜಿ ಮೊಬೈಲ್ ಮೇಲೆ ಕೇಂದ್ರ ಸರ್ಕಾರ ನಿಷೇಧ ಹೇರಿದ್ದು 2020ರ ಸೆಪ್ಟೆಂಬರ್ 2ರಂದು. ಅದರ ಭಾರತೀಯ ರೂಪವಾಗಿ ಬಿಜಿಎಂಐ ಬಂದದ್ದು 2021ರ ಜುಲೈನಲ್ಲಿ. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿಷೇಧವಾಯಿತು, ಅದೇ ವರ್ಷದ ಜುಲೈನಲ್ಲಿ ಬಿಜಿಎಂಐ ಕೂಡ ಆ್ಯಪ್ ಸ್ಟೋರ್‌ಗಳಿಂದ ಮಾಯವಾಯಿತು, ಮತ್ತೆ ಕಾಣಿಸಿಕೊಂಡದ್ದು 2023ರ ಮೇ ತಿಂಗಳಲ್ಲಿ. ಆಮೇಲೆ ‘ಫ್ರೀ ಫೈರ್ ಇಂಡಿಯಾ’ 2023ರ ಸೆಪ್ಟೆಂಬರ್ 5ಕ್ಕೆ ಬರುತ್ತದೆಂದು ಅದರ ಕಂಪನಿ ಗರೆನಾ ಪ್ರಕಟಿಸಿ, ಕೊನೆ ಗಳಿಗೆಯಲ್ಲಿ ಮುಂದೂಡಿತು. ಪ್ಲೇ ಸ್ಟೋರ್‌ನಲ್ಲಿ ಸಿಗದ ಗೇಮ್ ಬೇಕೆಂದಾಗ ಹುಡುಗರು ಮಾಡಿದ್ದೇನು? ಯಾರೋ ಕಳಿಸಿದ ಎಪಿಕೆ ಫೈಲ್ ಹಾಕಿಕೊಂಡರು. ‘ಅಪರಿಚಿತ ಮೂಲದ ಆ್ಯಪ್’ ಎಂದು ಫೋನ್ ಎಚ್ಚರಿಸಿದರೆ ಒಪ್ಪಿಗೆ ಒತ್ತಿ ಮುಂದೆ ಹೋಗುವುದು ಒಂದು ಇಡೀ ತಲೆಮಾರಿಗೆ ರೂಢಿಯಾಗಿಬಿಟ್ಟಿತು. ಬಿಜಿಎಂಐ ವಾಪಸ್ ಬಂತು, ರೂಢಿ ಹೋಗಲಿಲ್ಲ.

ನಕಲಿ ಪುಟದೊಳಗೆ

ಒಂದು ಲಿಂಕನ್ನು ಹತ್ತಿರದಿಂದಲೇ ನೋಡೋಣ. ಯೂಟ್ಯೂಬ್ ಲೈವ್‌ನ ಕಾಮೆಂಟಿನಲ್ಲೋ ವಾಟ್ಸ್ಆ್ಯಪ್ ಗುಂಪಿನಲ್ಲೋ ಬಂದಿರುತ್ತದೆ: ಹಬ್ಬದ ಕೊಡುಗೆ, 5 ಸಾವಿರ ಡೈಮಂಡ್, ಇವತ್ತು ರಾತ್ರಿವರೆಗೆ ಮಾತ್ರ. ಒತ್ತಿದರೆ ಗೇಮ್‌ನ ಚಿತ್ರ, ಸಂಗೀತ, ತಿರುಗುವ ಚಕ್ರ. ಚಕ್ರ ತಿರುಗಿಸಿದರೆ ನಿಮಗೇ ಬಹುಮಾನ, ಎಲ್ಲರಿಗೂ ಬರುತ್ತದೆ. ಕೆಳಗೆ ‘ಈಗಷ್ಟೇ ಪಡೆದವರು’ ಎಂದು ಹೆಸರುಗಳು ಸಾಲಾಗಿ ಓಡುತ್ತಿರುತ್ತವೆ, ಅವೆಲ್ಲ ಪುಟದಲ್ಲೇ ಬರೆದಿಟ್ಟ ಸುಳ್ಳು ಹೆಸರುಗಳು. ಆಮೇಲೆ ಯುಐಡಿ, ಅಂದರೆ ಆಟಗಾರನ ಗುರುತಿನ ಸಂಖ್ಯೆ ಕೇಳುತ್ತದೆ. ಅದು ಗುಟ್ಟಿನ ಸಂಖ್ಯೆಯೇನಲ್ಲ, ಎಲ್ಲರಿಗೂ ಕಾಣುವಂಥದ್ದು. ಕೊಟ್ಟರೆ ನಷ್ಟವಿಲ್ಲ ಎನಿಸುತ್ತದೆ, ಕೊಟ್ಟ ಮೇಲೆ ಧೈರ್ಯ ಬರುತ್ತದೆ. ಅದರ ಮುಂದಿನ ಹೆಜ್ಜೆಯೇ ಫೇಸ್‌ಬುಕ್ ಅಥವಾ ಗೂಗಲ್ ಗುಂಡಿ.

ಗುಂಡಿ ಒತ್ತಿದರೆ ನೀಲಿ ಬಣ್ಣದ ಫೇಸ್‌ಬುಕ್ ಪುಟವೇ ತೆರೆದುಕೊಂಡಂತೆ ಕಾಣುತ್ತದೆ. ಪಾಸ್‌ವರ್ಡ್ ಹಾಕಿದರೆ ‘ತಪ್ಪು’ ಎನ್ನುತ್ತದೆ. ಹುಡುಗ ಈ ಸಲ ಇನ್ನೂ ಜಾಗ್ರತೆಯಿಂದ ಹಾಕುತ್ತಾನೆ. ಮೊದಲ ಸಲ ಸರಿಯಾಗಿಯೇ ಹಾಕಿದ್ದ. ಅಕ್ಷರ ತಪ್ಪದಿರಲೆಂದು ಎರಡು ಸಲ ಬರೆಸಿಕೊಳ್ಳುವ ಉಪಾಯ ಅದು. ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿ, ಒಪ್ಪಿಕೊಂಡರೆ ನಕಲಿ, ಒಪ್ಪದಿದ್ದರೆ ಅಸಲಿ ಎಂದು ಪರೀಕ್ಷೆ ಮಾಡಿ ಎನ್ನುವವರಿದ್ದಾರೆ. ಇಂಥ ಪುಟದ ಮುಂದೆ ಆ ಪರೀಕ್ಷೆ ನಡೆಯುವುದಿಲ್ಲ. ಕೊನೆಗೆ ‘24 ಗಂಟೆಯೊಳಗೆ ನಿಮ್ಮ ಗೇಮ್ ಮೇಲ್‌ಗೆ ಡೈಮಂಡ್ ಬರುತ್ತದೆ’ ಎಂಬ ಸಂದೇಶ. ಆ 24 ಗಂಟೆ ಕಳ್ಳನಿಗೆ ಬೇಕಾದ ಸಮಯ. ಹುಡುಗ ಕಾಯುತ್ತಿರುತ್ತಾನೆ, ಕಳ್ಳ ಪಾಸ್‌ವರ್ಡ್ ಬದಲಿಸುತ್ತಿರುತ್ತಾನೆ.

ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯಲು ನೋಡಬೇಕಾದದ್ದು ಚಿತ್ರವನ್ನಲ್ಲ, ಮೇಲಿನ ವಿಳಾಸದ ಪಟ್ಟಿಯನ್ನು. ‘ಎಚ್‌ಟಿಟಿಪಿಎಸ್’ ಆದಮೇಲಿನ ಜೋಡಿ ಸ್ಲ್ಯಾಷ್ ಬಿಟ್ಟು, ಮುಂದೆ ಬರುವ ಮೊದಲ ಒಂಟಿ ಸ್ಲ್ಯಾಷ್ ಎಲ್ಲಿದೆ ನೋಡಿ. ಅದರ ಎಡಕ್ಕೆ ಅಂಟಿಕೊಂಡಿರುವ ಕೊನೆಯ ಎರಡು ತುಂಡುಗಳು ಆ ತಾಣ ಯಾರದೆಂದು ಸಾಮಾನ್ಯವಾಗಿ ಹೇಳಿಬಿಡುತ್ತವೆ. ಫ್ರೀ ಫೈರ್ ಕೋಡ್ ರಿಡೀಮ್ ಮಾಡುವ ಅಸಲಿ ಪುಟ ‘ರಿವಾರ್ಡ್ ಡಾಟ್ ಎಫ್‌ಎಫ್ ಡಾಟ್ ಗರೆನಾ ಡಾಟ್ ಕಾಮ್’. ಕೊನೆಯ ಎರಡು ತುಂಡು: ಗರೆನಾ, ಕಾಮ್. ಸರಿಯಾಗಿದೆ. ‘ಗರೆನಾ ಡಾಟ್ ಕಾಮ್ ಡಾಟ್ ರಿವಾರ್ಡ್ ಹೈಫನ್ ಇಂಡಿಯಾ ಡಾಟ್ ಎಕ್ಸ್‌ವೈಜೆಡ್’ ಎಂದಿದ್ದರೆ ಗರೆನಾ ಎಂಬ ಹೆಸರು ಬರಿ ಅಲಂಕಾರ; ಜಾಗ ಬೇರೆಯವರದು. ಬೀಗದ ಗುರುತು ಇದೆ, ಹಾಗಾಗಿ ಭದ್ರ ಎಂದುಕೊಳ್ಳಬೇಡಿ. ಆ ಗುರುತು ಹೇಳುವುದು ಸಂಪರ್ಕ ಗೂಢಲಿಪಿಯಲ್ಲಿದೆ ಎಂದಷ್ಟೆ. ಕಳ್ಳನ ತಾಣಕ್ಕೂ ಅದು ಪುಕ್ಕಟೆ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ 2023ರಲ್ಲಿ ಕ್ರೋಮ್ ಆ ಬೀಗವನ್ನು ತೆಗೆದು ಬೇರೆ ಗುರುತು ಇಟ್ಟಿತು.

ಟೆಲಿಗ್ರಾಂ, ಇನ್‌ಸ್ಟಾಗ್ರಾಂನಲ್ಲಿ ಒತ್ತಿದ ಲಿಂಕ್ ಅದೇ ಆ್ಯಪಿನೊಳಗಿನ ಪುಟ್ಟ ಬ್ರೌಸರಿನಲ್ಲಿ ತೆರೆದುಕೊಳ್ಳುವುದುಂಟು. ಅಲ್ಲಿ ವಿಳಾಸ ಪೂರ್ತಿ ಕಾಣುವುದಿಲ್ಲ. ಮೂಲೆಯ ಮೂರು ಚುಕ್ಕಿ ಒತ್ತಿ ಕ್ರೋಮ್‌ನಲ್ಲಿ ತೆರೆದು ನೋಡಿ. ಇನ್ನೂ ಎರಡು ಸುಳಿವುಗಳಿವೆ. ಫೋನಿನಲ್ಲಿ ಫೇಸ್‌ಬುಕ್ ಆ್ಯಪ್ ಲಾಗಿನ್ ಆಗಿಯೇ ಇದ್ದರೆ, ಗೇಮ್‌ನ ಅಸಲಿ ಲಾಗಿನ್ ಸಾಮಾನ್ಯವಾಗಿ ‘ಇಂಥವರಾಗಿ ಮುಂದುವರಿಯಿರಿ’ ಎಂದು ಕೇಳುತ್ತದೆಯೇ ಹೊರತು ಪಾಸ್‌ವರ್ಡ್ ಬರೆಸುವುದಿಲ್ಲ. ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಸೇವ್ ಮಾಡಿಟ್ಟಿದ್ದರೆ ಅಸಲಿ ತಾಣದಲ್ಲಿ ಅದು ತಾನಾಗಿ ತುಂಬಿಕೊಳ್ಳುತ್ತದೆ. ನಕಲಿ ತಾಣದಲ್ಲಿ ಸುಮ್ಮನಿರುತ್ತದೆ. ಕಣ್ಣು ಮೋಸಹೋದರೂ ಬ್ರೌಸರ್ ಮೋಸಹೋಗುವುದಿಲ್ಲ, ಏಕೆಂದರೆ ಅದು ನೋಡುವುದು ವಿಳಾಸವನ್ನು ಮಾತ್ರ.

ಬಿಜಿಎಂಐ ಆಡುವವರಿಗೆ ನಕಲಿ ಪುಟ ಗುರುತಿಸುವುದು ಇನ್ನೂ ಸುಲಭ. ಅದರ ರಿಡೀಮ್ ಪುಟ ಕೇಳುವುದು ಕ್ಯಾರೆಕ್ಟರ್ ಐಡಿ, ಕೋಡ್, ಚಿತ್ರದಲ್ಲಿರುವ ವೆರಿಫಿಕೇಷನ್ ಅಕ್ಷರಗಳು, ಇಷ್ಟೇ. ಆ ಆಟದ ನಾಣ್ಯವಾದ ಯುಸಿ ಕೊಡುತ್ತೇನೆಂದು ಪಾಸ್‌ವರ್ಡ್ ಕೇಳುವ ಪುಟ ನಕಲಿ ಎಂದು ಕಣ್ಣುಮುಚ್ಚಿ ಹೇಳಬಹುದು. ಫ್ರೀ ಫೈರ್‌ನ ಅಸಲಿ ಪುಟ ಲಾಗಿನ್ ಕೇಳುತ್ತದೆ, ಗೆಸ್ಟ್ ಐಡಿಗೆ ಕೋಡ್ ಕೊಡುವುದಿಲ್ಲ. ಹಾಗಾಗಿ ನಕಲಿ ಪುಟ ಲಾಗಿನ್ ಕೇಳಿದರೂ ಆಟಗಾರರಿಗೆ ಅನುಮಾನ ಬರುವುದಿಲ್ಲ.

ಕಂಪ್ಯೂಟರಿನಲ್ಲಿ ಆಡುವವರ ಪಾಡು

ಕಾಲೇಜು ಹಾಸ್ಟೆಲ್‌ಗಳಲ್ಲಿ ಕೌಂಟರ್ ಸ್ಟ್ರೈಕ್ ಆಡುವವರಿಗೆ ಸ್ಟೀಮ್ ಎಂಬ ಗೇಮ್ ಮಳಿಗೆಯ ಖಾತೆ ಇರುತ್ತದೆ. ಅಲ್ಲಿ ಒಂದೊಂದು ಸ್ಕಿನ್ನಿಗೂ ಬೆಲೆ ಇರುವುದರಿಂದ ಮೋಸವೂ ಹೆಚ್ಚು ನಾಜೂಕು. ಡಿಸ್ಕಾರ್ಡ್ ಎಂಬ ಚಾಟ್ ಆ್ಯಪಿನಲ್ಲಿ ಪರಿಚಿತ ಗೆಳೆಯನ ಹೆಸರಿನಿಂದಲೇ ಸಂದೇಶ ಬರುತ್ತದೆ: “ಮಗಾ, ಬೇರೆ ಯಾರನ್ನೋ ರಿಪೋರ್ಟ್ ಮಾಡಲು ಹೋಗಿ ತಪ್ಪಿ ನಿನ್ನ ಐಡಿ ರಿಪೋರ್ಟ್ ಆಗಿಬಿಟ್ಟಿದೆ. ಬ್ಯಾನ್ ಆಗುತ್ತಂತೆ. ಸ್ಟೀಮ್ ಅಡ್ಮಿನ್ ಹತ್ತಿರ ಮಾತಾಡು, ಲಿಂಕ್ ಕಳಿಸ್ತೀನಿ.” ಗೆಳೆಯನ ಖಾತೆ ಮೊದಲೇ ಕಳುವಾಗಿರುತ್ತದೆ. ‘ಅಡ್ಮಿನ್’ ಕೂಡ ಕಳ್ಳನೇ. ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ಸಿಬ್ಬಂದಿ ಡಿಸ್ಕಾರ್ಡ್‌ನಲ್ಲಿ ಯಾರ ಖಾತೆಯ ವಿಚಾರಣೆಯನ್ನೂ ಮಾಡುವುದಿಲ್ಲ. ‘ನಮ್ಮ ಟೀಮಿಗೆ ಒಂದು ವೋಟ್ ಹಾಕು’, ‘ನಾನು ಮಾಡಿದ ಗೇಮ್ ಒಂದ್ಸಲ ಆಡಿ ನೋಡು’ ಎಂಬುವು ಇದರ ಅಣ್ಣತಮ್ಮಂದಿರು.

2022ರಲ್ಲಿ ಗ್ರೂಪ್-ಐಬಿ ಎಂಬ ಭದ್ರತಾ ಸಂಸ್ಥೆ ಸ್ಟೀಮ್ ಆಟಗಾರರ ಮೇಲೆ ನಡೆಯುತ್ತಿದ್ದ ಇನ್ನೊಂದು ತಂತ್ರವನ್ನು ಬಯಲು ಮಾಡಿತು. ವೋಟ್ ಹಾಕುವ ತಾಣದಲ್ಲಿ ‘ಸ್ಟೀಮ್ ಮೂಲಕ ಲಾಗಿನ್’ ಒತ್ತಿದರೆ ಹೊಸ ಕಿಟಕಿಯೊಂದು ತೆರೆದಂತೆ ಕಾಣುತ್ತದೆ. ಅದರ ತಲೆಯ ಮೇಲೆ ಸ್ಟೀಮ್‌ನ ಅಸಲಿ ವಿಳಾಸವೇ ಇರುತ್ತದೆ. ಆದರೆ ಅದು ಕಿಟಕಿಯೇ ಅಲ್ಲ, ಪುಟದೊಳಗೆ ಬಿಡಿಸಿದ ಕಿಟಕಿಯ ಚಿತ್ರ. ವಿಳಾಸವೂ ಚಿತ್ರದ ಭಾಗ. ಇದನ್ನು ಹಿಡಿಯುವ ಉಪಾಯ ಸರಳ. ಆ ಕಿಟಕಿಯನ್ನು ಮೌಸಿನಿಂದ ಎಳೆದು ಬ್ರೌಸರಿನ ಅಂಚಿನಾಚೆಗೆ ತನ್ನಿ. ಅಸಲಿ ಕಿಟಕಿ ಹೊರಬರುತ್ತದೆ, ನಕಲಿ ಕಿಟಕಿ ಅಂಚಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಚೀಟ್, ಹ್ಯಾಕ್, ಕ್ರ್ಯಾಕ್ ಎಂದು ಯೂಟ್ಯೂಬ್ ವಿಡಿಯೊದ ಕೆಳಗೆ ಸಿಗುವ ಫೈಲುಗಳದ್ದು ಇನ್ನೂ ಕೆಟ್ಟ ಕತೆ. ರೆಡ್‌ಲೈನ್, ಲುಮ್ಮಾ ಎಂಬ ಹೆಸರಿನ ಕಳ್ಳ ತಂತ್ರಾಂಶಗಳು ಕಂಪ್ಯೂಟರಿನೊಳಗೆ ಸೇರಿದರೆ, ಸೇವ್ ಮಾಡಿದ ಪಾಸ್‌ವರ್ಡುಗಳ ಜತೆಗೆ ಬ್ರೌಸರಿನ ಕುಕಿಗಳನ್ನೂ ಹೊತ್ತೊಯ್ಯುತ್ತವೆ. ಕುಕಿ ಎಂದರೆ ‘ಇವರು ಆಗಲೇ ಲಾಗಿನ್ ಆಗಿದ್ದಾರೆ’ ಎಂಬ ಚೀಟಿ. ಅದು ಕೈಗೆ ಸಿಕ್ಕರೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. 2024ರ ಅಕ್ಟೋಬರಿನಲ್ಲಿ ಹಲವು ದೇಶಗಳ ಪೊಲೀಸರು ಸೇರಿ ರೆಡ್‌ಲೈನ್ ಜಾಲದ ಮೇಲೆ ಕಾರ್ಯಾಚರಣೆ ನಡೆಸಿದರು, 2025ರ ಮೇನಲ್ಲಿ ಮೈಕ್ರೋಸಾಫ್ಟ್ ಲುಮ್ಮಾ ಜಾಲಕ್ಕೆ ಕೈ ಹಾಕಿತು. ಆದರೂ ಈ ಕಸುಬು ನಿಂತಿಲ್ಲ. ಚಿಕ್ಕ ಮಕ್ಕಳ ಪ್ರೀತಿಯ ರೋಬ್ಲಾಕ್ಸ್‌ನಲ್ಲೂ ಕುಕಿ ಕೇಳಿ ಪಡೆಯುವ ಮೋಸವಿದೆ. ‘ಈ ಕೋಡ್ ಅಂಟಿಸಿದರೆ ಫ್ರೀ ರೋಬಕ್ಸ್’ ಎಂದು ಮಕ್ಕಳಿಂದಲೇ ಅದನ್ನು ತೆಗೆಸುತ್ತಾರೆ. ಇದನ್ನು ಯಾರಿಗೂ ಕೊಡಬೇಡಿ ಎಂಬ ಎಚ್ಚರಿಕೆಯನ್ನು ರೋಬ್ಲಾಕ್ಸ್ ಆ ಕುಕಿಯೊಳಗೇ ಇಂಗ್ಲಿಷಿನಲ್ಲಿ ಬರೆದಿಟ್ಟಿದೆ. ಎಂಟು ವರ್ಷದ ಮಗು ಅದನ್ನು ಓದುತ್ತದೆಯೇ?

ಇನ್ನು ಐಡಿ ಮಾರುವುದು, ಕೊಳ್ಳುವುದು. “ಮೊದಲು ಲಾಗಿನ್ ಕೊಡು, ಒಳಗೆ ಏನೇನಿದೆ ಚೆಕ್ ಮಾಡಿ ದುಡ್ಡು ಹಾಕ್ತೀನಿ” ಎನ್ನುವ ಕೊಳ್ಳುವವನು ಲಾಗಿನ್ ಸಿಕ್ಕ ಮೇಲೆ ನಾಪತ್ತೆ. ಮಾರುವವನು ಮೋಸ ಮಾಡುವ ಬಗೆ ಬೇರೆ: ದುಡ್ಡು ತೆಗೆದುಕೊಂಡು ಐಡಿ ಕೊಡುತ್ತಾನೆ, ವಾರ ಬಿಟ್ಟು ತನ್ನ ಹಳೆಯ ಮೇಲ್ ಮೂಲಕ ‘ಖಾತೆ ಕಳೆದುಹೋಗಿದೆ’ ಎಂದು ವಾಪಸ್ ಪಡೆಯುತ್ತಾನೆ. ನಡುವೆ ನಿಲ್ಲುವ ‘ನಂಬಿಕಸ್ಥ ಮಿಡ್ಲ್‌ಮ್ಯಾನ್’ ಹೆಚ್ಚಾಗಿ ಅವನದೇ ಇನ್ನೊಂದು ನಂಬರು. ಐಡಿ ಮಾರಾಟ ಕಂಪನಿಗಳ ನಿಯಮಕ್ಕೇ ವಿರುದ್ಧ. ಹಾಗಾಗಿ ಕಂಪನಿಗೆ ದೂರುವಂತಿಲ್ಲ. ಈ ವ್ಯಾಪಾರದ ಹತ್ತಿರವೂ ಸುಳಿಯಬೇಡಿ ಎಂಬುದೇ ನನ್ನ ಸಲಹೆ, ಇದರಲ್ಲಿ ಜಾಣತನದ ದಾರಿ ಯಾವುದೂ ಇಲ್ಲ.

ಬೀಗ ಹಾಕುವ ಕ್ರಮ

ಮೊದಲು ಗೂಗಲ್ ಖಾತೆ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ ರಿಕವರಿ ಫೋನ್ ನಂಬರ್ ಯಾವುದಿದೆ ನೋಡಿ. ಇಲ್ಲೇ ಬಹಳ ಮಂದಿ ಎಡವುವುದು. ಐದು ವರ್ಷದ ಹಿಂದೆ ಚಿಕ್ಕಪ್ಪನ ಸಿಮ್‌ನಲ್ಲಿ ಮಾಡಿದ ಖಾತೆ, ಆ ಸಿಮ್ ಈಗ ಬಳಕೆಯಲ್ಲಿಲ್ಲ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಲು ಕಂಪನಿಗಳಿಗೆ ಅವಕಾಶವಿದೆ. ಆಗ ನಿಮ್ಮ ಓಟಿಪಿ ಯಾವುದೋ ಊರಿನ ಯಾರಿಗೋ ಹೋಗುತ್ತದೆ. ನಂಬರ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ. ಫೇಸ್‌ಬುಕ್‌ಗೂ ಇದೇ ಕೆಲಸ ಮಾಡಿ.

ಎಸ್‌ಎಂಎಸ್ ಓಟಿಪಿ ಇಲ್ಲದ್ದಕ್ಕಿಂತ ಮೇಲು, ಅಥೆಂಟಿಕೇಟರ್ ಆ್ಯಪ್ ಅದಕ್ಕಿಂತ ಮೇಲು. ಆದರೆ ಎರಡನ್ನೂ ನಕಲಿ ಪುಟದಲ್ಲಿ ಬರೆಸಿಕೊಂಡು ಅದೇ ಕ್ಷಣ ಅಸಲಿ ತಾಣದಲ್ಲಿ ಹಾಕುವ ಕಳ್ಳರಿದ್ದಾರೆ. ಪಾಸ್‌ಕೀ ಎಂಬುದು ಬೆರಳಚ್ಚಿನಿಂದ ತೆರೆಯುತ್ತದೆ, ಬೇರೆ ವಿಳಾಸದ ತಾಣದಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಗೂಗಲ್‌ನಲ್ಲಿ 2023ರಿಂದ ಇದೆ. ಇರುವುದರಲ್ಲಿ ಅದೇ ಒಳ್ಳೆಯದು.

ಮಗುವಿನ ಗೇಮ್‌ಗೆ ಬೇರೆಯದೇ ಮೇಲ್ ಮಾಡಿಕೊಡಿ. ಬ್ಯಾಂಕ್, ಕಚೇರಿ, ಆಧಾರ್‌ಗೆ ಕೊಟ್ಟ ಮೇಲ್ ಅದಕ್ಕೆ ಬೇಡ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಡಿ. ಎಪಿಕೆ ಹಾಕಿದ್ದರೆ ಅದಕ್ಕೆ ಎಸ್‌ಎಂಎಸ್ ಓದುವ ಅಥವಾ ಆ್ಯಕ್ಸೆಸಿಬಿಲಿಟಿ ಅನುಮತಿ ಸಿಕ್ಕಿದೆಯೇ ನೋಡಿ. ಗೇಮ್‌ಗೆ ನಿಮ್ಮ ಎಸ್‌ಎಂಎಸ್ ಓದುವ ಕೆಲಸ ಏನಿದೆ?

ಐಡಿ ಹೋದ ಮೇಲೆ

ಹುಡುಗರು ಮೊದಲು ಓಡುವುದು ಗೇಮ್‌ನ ಕಸ್ಟಮರ್ ಕೇರ್‌ಗೆ, ಇಲ್ಲವೇ ‘ಐಡಿ ವಾಪಸ್ ಕೊಡಿಸ್ತೀವಿ, 500 ರೂಪಾಯಿ’ ಎನ್ನುವ ಇನ್‌ಸ್ಟಾಗ್ರಾಂ ಖಾತೆಗೆ. ಎರಡನೆಯದು ಇನ್ನೊಂದು ಮೋಸ. ಮೊದಲನೆಯದು ಆಮೇಲಿನ ಕೆಲಸ. ಮೊಟ್ಟಮೊದಲು ಮೇಲ್ ಖಾತೆ ಉಳಿಸಿಕೊಳ್ಳಿ. ಕಳ್ಳತಂತ್ರಾಂಶದ ಅನುಮಾನವಿದ್ದರೆ ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿ, ‘ನಿಮ್ಮ ಸಾಧನಗಳು’ ಪಟ್ಟಿಯಲ್ಲಿ ಗುರುತಿಲ್ಲದ ಫೋನ್, ಕಂಪ್ಯೂಟರ್ ಎಲ್ಲವನ್ನೂ ಸೈನ್ ಔಟ್ ಮಾಡಿ. ಪಾಸ್‌ವರ್ಡ್ ಬದಲಿಸಿ ಸುಮ್ಮನಾದರೆ ಸಾಲದು. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್ ನೋಡಿ. ಗೇಮ್ ಕಂಪನಿಯ ಮೇಲ್‌ಗಳು ನಿಮ್ಮ ಕಣ್ಣಿಗೆ ಬೀಳದೆ ನೇರ ಕಸದ ಬುಟ್ಟಿಗೆ ಹೋಗುವಂತೆ ಕಳ್ಳರು ಫಿಲ್ಟರ್ ಹಾಕಿಡುವುದುಂಟು. ಫೇಸ್‌ಬುಕ್ ಕಳುವಾಗಿದ್ದರೆ ‘ಫೇಸ್‌ಬುಕ್ ಡಾಟ್ ಕಾಮ್ ಸ್ಲ್ಯಾಷ್ ಹ್ಯಾಕ್ಡ್’ ಎಂಬ ಅವರದೇ ಪುಟವಿದೆ.

ಇಷ್ಟಾದ ಮೇಲೆ ಗೇಮ್ ಕಂಪನಿಗೆ ಬರೆಯಿರಿ. ‘ಪ್ಲೀಸ್ ಸರ್, ನನ್ನ ಐಡಿ ಕೊಡಿ’ ಎಂಬ ಮೇಲ್‌ಗೆ ಬೆಲೆಯಿಲ್ಲ. ಯುಐಡಿ, ಐಡಿ ಮಾಡಿದ ಸುಮಾರು ತಿಂಗಳು, ಆಡುತ್ತಿದ್ದ ಫೋನಿನ ಮಾಡೆಲ್, ಕೊನೆಯದಾಗಿ ಆಡಿದ ದಿನ ಇವನ್ನೆಲ್ಲ ಬರೆಯಿರಿ. ಇವೆಲ್ಲಕ್ಕಿಂತ ಗಟ್ಟಿ ದಾಖಲೆ ದುಡ್ಡು ಕೊಟ್ಟ ರಸೀದಿ. ಪ್ಲೇ ಸ್ಟೋರ್‌ನಲ್ಲಿ ಟಾಪ್‌ಅಪ್ ಮಾಡಿದಾಗಲೆಲ್ಲ ಗೂಗಲ್ ಕಳಿಸುವ ಮೇಲ್‌ನಲ್ಲಿ ‘ಜಿಪಿಎ’ ಎಂದು ಶುರುವಾಗುವ ಆರ್ಡರ್ ಸಂಖ್ಯೆ ಇರುತ್ತದೆ. ಹಳೆಯದಾದಷ್ಟೂ ಒಳ್ಳೆಯದು, ಐಡಿ ಮೊದಲಿನಿಂದ ನಿಮ್ಮದೇ ಎಂದು ಅದು ಹೇಳುತ್ತದೆ. ಸ್ಟೀಮ್‌ಗೂ ಹೀಗೆಯೇ ಹಳೆಯ ಖರೀದಿಯ ಪುರಾವೆ ಬೇಕು. ಖಾತೆ ವಾಪಸ್ ಸಿಕ್ಕರೂ ಅದರೊಳಗಿನ ಸ್ಕಿನ್ನುಗಳು ಸಿಗುತ್ತವೆಂಬ ಖಾತ್ರಿಯಿಲ್ಲ.

ದುಡ್ಡೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕಿನ ಹೆಸರು, ವಹಿವಾಟಿನ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಯುವುದೇ ಆ ವ್ಯವಸ್ಥೆಯ ಉದ್ದೇಶ, ಆದ್ದರಿಂದ ಮೊದಲ ಕೆಲವು ಗಂಟೆಗಳೇ ಮುಖ್ಯ. ಬ್ಯಾಂಕಿಗೂ ಅದೇ ಹೊತ್ತಿಗೆ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ಓಟಿಪಿ, ಪಾಸ್‌ವರ್ಡನ್ನು ಗ್ರಾಹಕನೇ ಕೊಟ್ಟು ಮೋಸಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಪ್ಲೇ ಸ್ಟೋರ್‌ನಲ್ಲಿ ನೀವು ಮಾಡದ ಖರೀದಿ ಕಂಡರೆ 120 ದಿನದೊಳಗೆ ಗೂಗಲ್‌ಗೆ ದೂರಬಹುದು.

ಬರಿ ಐಡಿ ಹೋಗಿದ್ದರೂ ಅದು ಅಪರಾಧವೇ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ, ಕಂಪ್ಯೂಟರ್ ಮೂಲಕ ಬೇರೊಬ್ಬರ ವೇಷ ಹಾಕಿ ವಂಚಿಸುವುದು 66ಡಿ ಅಡಿ ಬರುತ್ತದೆ. ಎರಡಕ್ಕೂ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ತಾಣದಲ್ಲಿ ದೂರು ದಾಖಲಿಸಬಹುದು, ನಮ್ಮ ರಾಜ್ಯದ ಜಿಲ್ಲಾ ಕೇಂದ್ರಗಳಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೂ ಹೋಗಬಹುದು. ಐಡಿ ಮಾತ್ರ ಹೋದ ದೂರಿಗೆ ಠಾಣೆಯಲ್ಲಿ ಎಷ್ಟು ಉತ್ಸಾಹ ತೋರಿಸುತ್ತಾರೋ ಹೇಳಲಾಗದು. ಆದರೂ ನಿಮ್ಮ ಹೆಸರಿನ ಖಾತೆಯಿಂದ ನಾಳೆ ಇನ್ನೊಬ್ಬರಿಗೆ ಮೋಸವಾದರೆ, ಇವತ್ತಿನ ದೂರಿನ ಪ್ರತಿ ಕೈಯಲ್ಲಿದ್ದರೆ ಒಳ್ಳೆಯದು.

ಈ ಎಲ್ಲದರಲ್ಲೂ ಕಳ್ಳನಿಗೆ ಒತ್ತಾಸೆಯಾಗಿ ನಿಲ್ಲುವುದು ಮನೆಯವರ ಬೈಗುಳದ ಭಯ. ಹುಡುಗ ಹೇಳದೆ ಮುಚ್ಚಿಟ್ಟ ಒಂದೊಂದು ದಿನವೂ ಕಳ್ಳನ ಲಾಭದ ದಿನ. ಮೋಸಹೋಗುವುದು ದಡ್ಡರು ಮಾತ್ರ ಎಂದು ತಿಳಿಯಬೇಡಿ. 2015ರ ಡಿಸೆಂಬರಿನಲ್ಲಿ ವಾಲ್ವ್ ಕಂಪನಿ ಸ್ಟೀಮ್‌ನಲ್ಲಿ ತಿಂಗಳಿಗೆ ಸುಮಾರು 77 ಸಾವಿರ ಖಾತೆಗಳು ಕಳುವಾಗುತ್ತಿವೆ ಎಂದು ಒಪ್ಪಿಕೊಂಡಿತ್ತು. ಕಳೆದುಕೊಂಡವರಲ್ಲಿ ಕೌಂಟರ್ ಸ್ಟ್ರೈಕ್‌ನ ವೃತ್ತಿಪರ ಆಟಗಾರರೂ ಇದ್ದಾರೆ ಎಂದೂ ಹೇಳಿತ್ತು. ಆದ್ದರಿಂದ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ: ಮಗ ಬಂದು ಹೇಳಿದ ಕೂಡಲೇ ಫೋನ್ ಕಸಿದುಕೊಂಡು ಗೇಮ್ ಡಿಲೀಟ್ ಮಾಡಬೇಡಿ, ಫೋನ್ ರೀಸೆಟ್ ಮಾಡಿಸಬೇಡಿ. ಆ ಲಿಂಕ್, ಆ ಚಾಟ್, ಆ ಯುಪಿಐ ಐಡಿ ಎಲ್ಲ ಅದರಲ್ಲೇ ಇವೆ. ಸ್ಕ್ರೀನ್‌ಶಾಟ್ ತೆಗೆದಿಟ್ಟು 1930ಕ್ಕೆ ಫೋನ್ ಮಾಡಿ, ಬೈಯುವುದಿದ್ದರೆ ಆಮೇಲೆ ಬೈಯಿರಿ.